ಗೊಬ್ಬರ ಡಿಪೋದ ನೆಟ್ ಮತ್ತು 11ನೇ ಪೋರ್ಟ್: ಒಂದು ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಸಹಕಾರಿ ಸಂಘದಲ್ಲಿ ನಡೆದದ್ದು ಇದು. ಸಂಘದ ಹೆಸರು ಇಲ್ಲಿ ಬೇಡ. ರಸ್ತೆಯ ಈಚೆ ಬದಿಯಲ್ಲಿ ಮುಖ್ಯ ಕಚೇರಿ, ಆಚೆ ಬದಿಯಲ್ಲಿ ಗೊಬ್ಬರ ಡಿಪೋ. ಮಧ್ಯದಲ್ಲಿ ರಸ್ತೆ, ಜೊತೆಗೆ ಯಾರದ್ದೋ ಅಡಿಕೆ ತೋಟದ ಒಂದು ಮೂಲೆ. ಡಿಪೋದಲ್ಲಿ ಇರುವುದು ಬಿಲ್ ಮಾಡುವ ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಎರಡೂ ಎಂಟು ಪೋರ್ಟಿನ, ಅಂದರೆ ಕೇಬಲ್ ಸಿಕ್ಕಿಸುವ ಎಂಟು ಜಾಗ ಇರುವ, ಒಂದು ಅಗ್ಗದ ನೆಟ್‌ವರ್ಕ್ ಸ್ವಿಚ್‌ಗೆ ಸೇರುತ್ತವೆ. ಅಲ್ಲಿಂದ ತಾಮ್ರದ ಕೇಬಲನ್ನು ಫೈಬರ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್, ಮತ್ತೆ ರಸ್ತೆ ದಾಟುವ ಫೈಬರ್, ಈಚೆ ಇನ್ನೊಂದು ಕನ್ವರ್ಟರ್. ಕೊನೆಗೆ ಕಚೇರಿಯ ರ‍್ಯಾಕ್‌ನಲ್ಲಿರುವ ಸಿಸ್ಕೋ 2960 ಸ್ವಿಚ್‌ನ 11ನೇ ಪೋರ್ಟ್. ಬಿಲ್ಲಿನ ಸರ್ವರ್ ಇರುವುದು ಕಚೇರಿಯಲ್ಲೇ. ಹಾಗಾಗಿ ಈ ಕೊಂಡಿ ತಪ್ಪಿದರೆ ಡಿಪೋದಲ್ಲಿ ಬಿಲ್ ಆಗುವುದಿಲ್ಲ.

ದೂರು ಬಂದದ್ದು ಅಕ್ಟೋಬರ್‌ನಲ್ಲಿ. ಅಡಿಕೆಗೆ ಮಳೆಗಾಲದ ನಂತರದ ಗೊಬ್ಬರ ಹಾಕುವ ಹೊತ್ತು ಅದು. ಡಿಪೋದಲ್ಲಿ ಜನ ಜಾಸ್ತಿ. ಅದೇ ಹೊತ್ತಿಗೆ ತುಲಾ ತಿಂಗಳ ಮಳೆ. ಬೆಳಿಗ್ಗೆ ಸುಡು ಬಿಸಿಲು, ಮಧ್ಯಾಹ್ನ ಕಳೆದರೆ ಗುಡುಗು, ಮಿಂಚು. ವಾರದಲ್ಲಿ ಕೆಲವು ದಿನ ಡಿಪೋದ ನೆಟ್ ಸತ್ತು ಹೋಗುತ್ತದೆ, ಉಳಿದ ದಿನ ಏನೂ ಇಲ್ಲ. ಸತ್ತಾಗ ಕಚೇರಿಯ ಅಟೆಂಡರ್ ರ‍್ಯಾಕ್‌ನ ಪವರ್ ತೆಗೆದು ಮತ್ತೆ ಹಾಕುತ್ತಾರೆ, ನೆಟ್ ಬರುತ್ತದೆ. ಕೆಲವೊಮ್ಮೆ ಹಾಗೆ ಮಾಡಿದರೂ ಅರ್ಧಂಬರ್ಧ ಬರುತ್ತದೆ, ಮತ್ತೆ ಹೋಗುತ್ತದೆ.

ಎಲ್ಲರ ಬಾಯಲ್ಲೂ ಒಂದೇ ಕಾರಣ. “ಸಿಡಿಲಿಗೆ ಹೋದದ್ದು ಮಾರಾಯ್ರೇ, ಇನ್ನೆಂತ!” ಆ ನಂಬಿಕೆಯ ಮೇಲೆ ಮೀಡಿಯಾ ಕನ್ವರ್ಟರ್ ಜೋಡಿಯನ್ನು ಹಿಂದೆಯೇ ಬದಲಾಯಿಸಿದ್ದರು. ಪ್ಯಾಚ್ ಕೇಬಲ್ ಹೊಸದು ಹಾಕಿದ್ದರು. 2960ಯೇ ಹಾಳಾಗಿದೆ, ಹೊಸದು ಬೇಕು ಎಂದು ಕೊಟೇಶನ್ ಕೂಡ ತರಿಸಿದ್ದರು. ಅದಕ್ಕೆ ಸಹಿ ಹಾಕುವ ಮೊದಲು ಒಮ್ಮೆ ನೋಡಿ ಎಂದು ಸೆಕ್ರೆಟರಿಯವರು ನನ್ನನ್ನು ಕರೆದರು.

ಫೋನಿನಲ್ಲಿ ನಾನು ಕೇಳಿಕೊಂಡದ್ದು ಇಷ್ಟೇ: ಮುಂದಿನ ಸಲ ಹೋದಾಗ ದಯವಿಟ್ಟು ರ‍್ಯಾಕ್ ಆಫ್ ಮಾಡಬೇಡಿ. ಡಿಪೋದವರಿಗೆ ಸ್ವಲ್ಪ ಕಷ್ಟವಾಗಲಿ, ಕೈಬರಹದ ಬಿಲ್ ಕೊಡಲಿ. ನಾನು ಬರುವವರೆಗೆ ಹಾಗೇ ಬಿಡಿ.

ಇದಕ್ಕೆ ಕಾರಣ ಇದೆ. ಇಂಥ ಸ್ವಿಚ್ ಒಂದು ಪೋರ್ಟನ್ನು ತಾನಾಗಿ ಮುಚ್ಚಿದರೆ ಯಾಕೆ ಮುಚ್ಚಿದೆ ಎಂದು ಬರೆದೂ ಇಡುತ್ತದೆ. ಆದರೆ ಬರೆಯುವುದು ಮೆಮೊರಿಯಲ್ಲಿ. ಪವರ್ ತೆಗೆದರೆ ಬರೆದದ್ದೆಲ್ಲ ಹೋಗುತ್ತದೆ, ಮುಚ್ಚಿದ ಪೋರ್ಟ್ ತೆರೆಯುತ್ತದೆ. ರೋಗವೂ ಕಾಣುವುದಿಲ್ಲ, ಗುರುತೂ ಉಳಿಯುವುದಿಲ್ಲ. ಅಟೆಂಡರ್ ಪ್ರತಿ ಸಲ ಗೊತ್ತಿಲ್ಲದೆ ಮಾಡುತ್ತಿದ್ದದ್ದು ಅದನ್ನೇ.

ಸ್ವಿಚ್ ಏನು ಬರೆದಿಟ್ಟಿತ್ತು

ಹೋದಾಗ 11ನೇ ಪೋರ್ಟಿನ ದೀಪ ಕಿತ್ತಳೆ ಬಣ್ಣದಲ್ಲಿ ನಿಂತಿತ್ತು. ಕನ್ಸೋಲ್ ಕೇಬಲ್ ಹಾಕಿ ‘ಶೋ ಇಂಟರ್‌ಫೇಸಸ್ ಸ್ಟೇಟಸ್’ ಎಂಬ ಆಜ್ಞೆ ಕೊಟ್ಟೆ. ಬೇರೆ ಪೋರ್ಟುಗಳಿಗೆ ‘ಕನೆಕ್ಟೆಡ್’ ಅಥವಾ ‘ನಾಟ್‌ಕನೆಕ್ಟ್’ ಎಂದಿದ್ದರೆ 11ರ ಎದುರು ‘ಎರ್-ಡಿಸೇಬಲ್ಡ್’ ಎಂದಿತ್ತು. ಕೇಬಲ್ ತುಂಡಾದರೆ, ಕನ್ವರ್ಟರ್ ಸುಟ್ಟರೆ ‘ನಾಟ್‌ಕನೆಕ್ಟ್’ ಎಂದು ತೋರಿಸುತ್ತದೆ. ಎರ್-ಡಿಸೇಬಲ್ಡ್ ಎಂದರೆ ಬೇರೆ. ಏನೋ ತಪ್ಪು ಕಂಡು ಸ್ವಿಚ್ ತಾನೇ ಬಾಗಿಲು ಹಾಕಿದೆ ಎಂದರ್ಥ.

ಯಾವ ತಪ್ಪು? ಅದೇ ಆಜ್ಞೆಯ ಕೊನೆಗೆ ‘ಎರ್-ಡಿಸೇಬಲ್ಡ್’ ಸೇರಿಸಿದರೆ ಕಾರಣದ ಕಾಲಂ ಬರುತ್ತದೆ. ಅಲ್ಲಿ ಇದ್ದದ್ದು ‘ಬಿಪಿಡಿಯು ಗಾರ್ಡ್’. ಅದೇನೆಂದು ಸ್ವಲ್ಪ ಮುಂದೆ ಹೇಳುತ್ತೇನೆ.

ಸಿಡಿಲಿನ ವಾದ ಅಲ್ಲಿಗೇ ಮುಗಿಯಿತು. ಸಿಡಿಲು, ವೋಲ್ಟೇಜ್ ಏರಿಳಿತ, ಸಡಿಲ ಕೇಬಲ್ ಇಂಥವುಗಳಿಂದ ಪೋರ್ಟ್ ಮುಚ್ಚುವುದಿದ್ದರೆ ಸಾಮಾನ್ಯವಾಗಿ ಕಾಣುವ ಕಾರಣ ‘ಲಿಂಕ್ ಫ್ಲ್ಯಾಪ್’. ಅಂದರೆ ಲಿಂಕ್ ಬೇಗ ಬೇಗ ಹೋಗಿ ಬರುವುದು. 10 ಸೆಕೆಂಡಿನಲ್ಲಿ 5 ಸಲ ಹಾಗಾದರೆ ಸಿಸ್ಕೋ ಸ್ವಿಚ್ ಪೋರ್ಟ್ ಮುಚ್ಚುತ್ತದೆ. ಅನುಮತಿ ಇಲ್ಲದ ಕಂಪ್ಯೂಟರ್ ಸಿಕ್ಕಿಸಿದರೆ ‘ಪೋರ್ಟ್ ಸೆಕ್ಯುರಿಟಿ’ ಎಂದು ಬರುತ್ತದೆ. ಲಿಂಕ್ ಪರೀಕ್ಷೆಗೆ ತಾನು ಕಳಿಸಿದ ಕೀಪ್‌ಅಲೈವ್ ಸಂದೇಶ ತನಗೇ ವಾಪಸ್ ಬಂದರೆ ‘ಲೂಪ್‌ಬ್ಯಾಕ್’. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಅದಕ್ಕೇ ಮೊದಲು ಈ ಕಾಲಂ ಓದಬೇಕು, ಆಮೇಲೆ ಕೈ ಹಾಕಬೇಕು. ಇಲ್ಲಿ ಅದನ್ನು ಓದುವ ಮೊದಲೇ ಕನ್ವರ್ಟರ್‌ಗೆ ದುಡ್ಡು ಹೋಗಿತ್ತು.

ಬಿಪಿಡಿಯು ಬಗ್ಗೆ ಸ್ವಲ್ಪ ಹೇಳಲೇಬೇಕು. ಎರಡು ಸ್ವಿಚ್‌ಗಳ ನಡುವೆ ಎರಡು ದಾರಿ ಇದ್ದರೆ ಈಥರ್‌ನೆಟ್‌ನ ಬ್ರಾಡ್‌ಕಾಸ್ಟ್ ಫ್ರೇಮ್, ಅಂದರೆ ಎಲ್ಲರಿಗೂ ಎಂದು ಕಳಿಸಿದ ಸಂದೇಶ, ಸುತ್ತುತ್ತಲೇ ಇರುತ್ತದೆ. ಐಪಿ ಪ್ಯಾಕೆಟ್‌ಗೆ ಇರುವಂತೆ ‘ಇಷ್ಟು ಸಲ ದಾಟಿದ ಮೇಲೆ ಸಾಯಿ’ ಎಂಬ ಲೆಕ್ಕ ಫ್ರೇಮ್‌ಗೆ ಇಲ್ಲ. ಸುತ್ತಿ ಸುತ್ತಿ ನೆಟ್‌ವರ್ಕ್ ಪೂರ್ತಿ ಕಟ್ಟಿಕೊಳ್ಳುತ್ತದೆ. ಇದಕ್ಕೆ 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಕೊಟ್ಟರು. ಸ್ವಿಚ್‌ಗಳು ಒಂದಕ್ಕೊಂದು ಸಣ್ಣ ಸಂದೇಶ ಕಳಿಸಿ, ಹೆಚ್ಚುವರಿ ದಾರಿ ಯಾವುದು ಎಂದು ಕಂಡುಕೊಂಡು, ಅದನ್ನು ತಡೆದು ಇಡುತ್ತವೆ. ಆ ಸಂದೇಶವೇ ಬಿಪಿಡಿಯು. ಸಾಮಾನ್ಯವಾಗಿ 2 ಸೆಕೆಂಡಿಗೊಂದು.

ಕಂಪ್ಯೂಟರ್, ಪ್ರಿಂಟರ್ ಮಾತ್ರ ಇರಬೇಕಾದ ಪೋರ್ಟಿಗೆ ಬಿಪಿಡಿಯು ಬರುವ ಪ್ರಶ್ನೆಯೇ ಇಲ್ಲ. ಬಂದರೆ ಆ ಕಡೆ ಯಾರೋ ಬಿಪಿಡಿಯು ಕಳಿಸುವ ಇನ್ನೊಂದು ಸ್ವಿಚ್ ಇಟ್ಟಿದ್ದಾರೆ, ಇಲ್ಲವೇ ನಮ್ಮದೇ ಸಂದೇಶ ಬೇರೆ ದಾರಿಯಿಂದ ಸುತ್ತಿ ಬಂದಿದೆ. ಬಿಪಿಡಿಯು ಗಾರ್ಡ್ ಹಾಕಿದ್ದರೆ ಒಂದೇ ಒಂದು ಬಿಪಿಡಿಯು ಸಾಕು, ಪೋರ್ಟ್ ಮುಚ್ಚುತ್ತದೆ. ಯಾರು ಕಳಿಸಿದ್ದು ಎಂದು ಸ್ವಿಚ್ ಬರೆದಿಟ್ಟ ಲಾಗ್‌ನ ಆ ಸಾಲು ಹೇಳುವುದಿಲ್ಲ. ಅದು ಈ ಸಂದೇಶದ ಒಂದು ಕೊರತೆ.

ಲಾಗ್ ಹೇಳಿದ್ದು ಇನ್ನೊಂದು ವಿಷಯ, ಅದೂ ಬಳಸು ದಾರಿಯಲ್ಲಿ. ಈ ಸ್ವಿಚ್‌ಗೆ ಗಡಿಯಾರದ ಬ್ಯಾಟರಿ ಇಲ್ಲ. ನೆಟ್‌ನಿಂದ ಸಮಯ ತರುವ ಎನ್‌ಟಿಪಿ ಹಾಕದಿದ್ದರೆ ಪ್ರತಿ ಸಲ ಪವರ್ ಬಂದಾಗ ಅದರ ಪಂಚಾಂಗ 1993ರ ಮಾರ್ಚ್ 1ರಿಂದ ಶುರು. ನಾನು ನೋಡಿದಾಗ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2:35. ಸ್ವಿಚ್‌ನಲ್ಲಿ ಮಾರ್ಚ್ 1, 5 ಗಂಟೆ 32 ನಿಮಿಷ. ಪೋರ್ಟ್ ಮುಚ್ಚಿದ ಸಾಲಿನ ಎದುರು ಮಾರ್ಚ್ 1, 2 ಗಂಟೆ 6 ನಿಮಿಷ. ಅಂದರೆ 3 ಗಂಟೆ 26 ನಿಮಿಷದ ಹಿಂದೆ, ಬೆಳಿಗ್ಗೆ 11:09ಕ್ಕೆ ಮುಚ್ಚಿದೆ. ಆ ಹೊತ್ತಿಗೆ ಆಕಾಶದಲ್ಲಿ ಮೋಡವೂ ಇರಲಿಲ್ಲ.

ಡಿಪೋಗೆ ಹೋಗಿ ಕೇಳಿದೆ. ಅಲ್ಲಿನ ಕ್ಲಾರ್ಕ್ ಅಣ್ಣ ನೆಟ್ ಹೋದದ್ದು ಹನ್ನೆರಡೂವರೆಯ ಹೊತ್ತಿಗೆ ಎಂದರು. “ಸರಿ ನೆನಪು ಮಾಡಿ, 11 ಗಂಟೆಗೆ ಹೋಗಿರಬೇಕಲ್ಲ?” ಎಂದೆ. “ಇಲ್ಲ ಸಾರ್, ಅದರ ನಂತರವೂ ಬಿಲ್ ಮಾಡಿದ್ದೇನೆ, ನೋಡಿ ಬೇಕಾದ್ರೆ” ಎಂದು ಬಿಲ್ಲಿನ ಪುಟ ತೆಗೆದರು. 11:20ರ ಬಿಲ್ ಇದೆ. 11:52ರದ್ದು ಇದೆ. ಕೊನೆಯದು 12:24. ಮೂರೂ ಕಚೇರಿಯ ಸರ್ವರ್‌ನಲ್ಲಿ ಕುಳಿತಿವೆ.

ಮುಚ್ಚಿದ ಪೋರ್ಟಿನಿಂದ ಬಿಲ್ ಹೋಗುವುದು ಹೇಗೆ? ಸಾಧ್ಯವೇ ಇಲ್ಲ. ಹಾಗಿದ್ದರೆ ಒಂದು ಗಂಟೆಗೂ ಜಾಸ್ತಿ ಹೊತ್ತು ಡಿಪೋ ಬೇರೆ ಯಾವುದೋ ದಾರಿಯಿಂದ ಕಚೇರಿಗೆ ಮಾತಾಡುತ್ತಿತ್ತು. ಆ ದಾರಿ ಹನ್ನೆರಡೂವರೆಗೆ ಕಡಿದಿದೆ. ದೂರು ಬಂದದ್ದು ಆಗ.

ಇಡೀ ಪ್ರಕರಣದ ಗಂಟು ಇಲ್ಲೇ ಇತ್ತು. ಮೊದಲು ನೋಡಿದವರೆಲ್ಲ ದೂರು ಬಂದ ಹೊತ್ತನ್ನು ತಪ್ಪು ನಡೆದ ಹೊತ್ತು ಎಂದುಕೊಂಡಿದ್ದರು. ಮಧ್ಯಾಹ್ನ ದೂರು, ಮಧ್ಯಾಹ್ನ ಗುಡುಗು. ಎರಡನ್ನೂ ಕಟ್ಟಿಹಾಕಲು ಕಷ್ಟವೇನಿಲ್ಲ, ಅಲ್ವಾ?

ಎರಡನೇ ದಾರಿ

ಬೇರೆ ಕೇಬಲ್ ಉಂಟಾ ಎಂದು ಕೇಳಿದೆ. ಎಲ್ಲರೂ ಇಲ್ಲ ಎಂದರು. ಸುಳ್ಳು ಹೇಳಿದ್ದಲ್ಲ, ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಯಾವ ಸಾಧನದ ವಿಳಾಸ ಯಾವ ಪೋರ್ಟಿನಲ್ಲಿ ಕಂಡಿತು ಎಂದು ಬರೆದಿಡುವ 2960ಯ ಮ್ಯಾಕ್ ಅಡ್ರೆಸ್ ಟೇಬಲ್ ನೋಡಿದರೆ ಡಿಪೋದ ಕಂಪ್ಯೂಟರ್ ಯಾವ ಪೋರ್ಟಿನಿಂದ ಬಂದಿತ್ತು ಎಂದು ತಿಳಿಯಬಹುದಿತ್ತು. ಆದರೆ ಆ ಟೇಬಲ್ 300 ಸೆಕೆಂಡ್ ಕಾಣದ ವಿಳಾಸವನ್ನು ಅಳಿಸಿಬಿಡುತ್ತದೆ. ಎರಡು ಗಂಟೆಯ ನಂತರ ಅಲ್ಲಿ ಏನೂ ಇರಲಿಲ್ಲ.

11ನೇ ಪೋರ್ಟಿಗೆ ‘ಶಟ್‌ಡೌನ್’, ಆಮೇಲೆ ‘ನೋ ಶಟ್‌ಡೌನ್’ ಕೊಟ್ಟೆ. ತೆರೆದುಕೊಂಡಿತು, ತೆರೆದೇ ಉಳಿಯಿತು. ಡಿಪೋದಲ್ಲಿ ಬಿಲ್ ಆಯಿತು. ಇಂಥ ಕೆಲಸದಲ್ಲಿ ಇದು ಜಾರುವ ಜಾಗ. ಸರಿಯಾಯಿತು ಎಂದು ಎಲ್ಲರಿಗೂ ಖುಷಿ, ಚಾ ಬರುತ್ತದೆ, ಬಿಲ್ ಬರೆದು ಹೊರಡಬಹುದು. ಆದರೆ ಈಗ ಬಿಪಿಡಿಯು ಬರುತ್ತಿಲ್ಲ ಎಂದರೆ ಅದನ್ನು ತರುವ ದಾರಿ ಸದ್ಯಕ್ಕೆ ಬಂದ್ ಆಗಿದೆ ಅಷ್ಟೇ. ಮತ್ತೆ ಯಾವಾಗ ತೆರೆಯುತ್ತದೋ ಆಗ ಅಲ್ಲಿ ಯಾರಾದರೂ ನೋಡುತ್ತಿರಬೇಕು.

ಡಿಪೋದ ಸಣ್ಣ ಸ್ವಿಚ್‌ಗೆ ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ನೆಟ್‌ವರ್ಕ್‌ನಲ್ಲಿ ಓಡುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ಹಾಕಿದೆ. ಫಿಲ್ಟರ್‌ನಲ್ಲಿ ಬರೀ ಸ್ಪ್ಯಾನಿಂಗ್ ಟ್ರೀ. ಅಗ್ಗದ ಸ್ವಿಚ್‌ಗಳಲ್ಲಿ ಹಲವು ಬಿಪಿಡಿಯುವನ್ನು ಸುಮ್ನೆ ಎಲ್ಲ ಪೋರ್ಟಿಗೂ ದಾಟಿಸುತ್ತವೆ. ಕೆಲವು ನುಂಗಿಬಿಡುತ್ತವೆ. ಇದು ದಾಟಿಸುವ ಜಾತಿ. ಹಾಗಾಗಿ ಕಚೇರಿಯ 2960 ಕಳಿಸುವ ಬಿಪಿಡಿಯು ಎರಡೆರಡು ಸೆಕೆಂಡಿಗೆ ತೆರೆಯ ಮೇಲೆ ಇಳಿಯತೊಡಗಿತು. ಒಂದೊಂದರಲ್ಲೂ ಕಳಿಸಿದ ಸ್ವಿಚ್‌ನ ಮ್ಯಾಕ್ ವಿಳಾಸ ಇರುತ್ತದೆ. ಜೊತೆಗೆ ಯಾವ ಪೋರ್ಟಿನಿಂದ ಹೊರಟಿತು ಎಂಬ ಗುರುತೂ ಇರುತ್ತದೆ. ವೈರ್‌ಶಾರ್ಕ್ ಅದನ್ನು ಹೆಕ್ಸ್ (16ರ ಲೆಕ್ಕದ) ಅಂಕೆಯಲ್ಲಿ ತೋರಿಸುತ್ತದೆ: 0x800ಬಿ. ಕೊನೆಯ ಬಿ ಅಂದರೆ 11. ಸರಿಯಾಗಿಯೇ ಇತ್ತು.

ಆ ದಿನ ಮತ್ತೇನೂ ಸಿಗಲಿಲ್ಲ. ನಾಲ್ಕು ಗಂಟೆಗೆ ಗುಡುಗು ಶುರುವಾಯಿತು. ಕ್ಲಾರ್ಕ್ ಅಣ್ಣ ಓಡಿ ಹೋಗಿ ಡಿಪೋದ ಪ್ಲಗ್‌ಗಳನ್ನೆಲ್ಲ ಕಿತ್ತರು. ಈ ಕಡೆ ಮನೆ ಮನೆಯಲ್ಲೂ ಮಾಡುವ ಕೆಲಸ ಅದು, ತಪ್ಪು ಹೇಳುವ ಹಾಗಿಲ್ಲ. ನನ್ನ ಲ್ಯಾಪ್‌ಟಾಪ್‌ನ ಪ್ಲಗ್ಗೂ ಅವರೇ ಕಿತ್ತು ಕೈಗೆ ಕೊಟ್ಟರು.

ಮತ್ತೊಂದು ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಫಿಲ್ಟರ್. ಅಂಗಡಿ ತುಂಬ ಜನ. ಯೂರಿಯಾ ಬೇಕಾದವರು ಪಿಒಎಸ್ ಮೆಷಿನ್‌ಗೆ ಬೆರಳು ಒತ್ತಿ ಚೀಲ ಹೊತ್ತುಕೊಂಡು ಹೋಗುತ್ತಿದ್ದರು. ಆ ಮೆಷಿನ್‌ಗೆ ಅದರದ್ದೇ ಸಿಮ್ ಇದೆ, ನಮ್ಮ ನೆಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಸ್ವಲ್ಪ ಹೊತ್ತಿಗೆ ಒಬ್ಬರು ಹಿರಿಯರು ಬಂದು ಬೇವಿನ ಹಿಂಡಿ ಬಿಡಿಯಾಗಿ ಬೇಕು, ಇಡೀ ಚೀಲ ಬೇಡ ಎಂದರು. ಕ್ಲಾರ್ಕ್ ಅಣ್ಣ ಮೂಲೆಗೆ ಹೋಗಿ ಎಕ್ಸ್‌ಟೆನ್ಶನ್ ಬಾಕ್ಸ್‌ನ ಬಟನ್ ಒತ್ತಿದರು. ತೂಕದ ಮೆಷಿನ್‌ನ ಕೆಂಪು ಅಂಕಿ ಹತ್ತಿತು.

ಒಂದು ನಿಮಿಷ ಕಳೆದಿರಬಹುದು. ತೆರೆಯಲ್ಲಿ ಹೊಸ ಸಾಲು ಬಂತು. ಸ್ವಿಚ್‌ನ ಮ್ಯಾಕ್ ಅದೇ. ಪೋರ್ಟಿನ ಗುರುತು ಮಾತ್ರ ಬೇರೆ: 0x8014. ಹೆಕ್ಸ್‌ನ 14 ಎಂದರೆ 20.

ಅದು ಬಂದದ್ದೇ ತಡ, 0x800ಬಿ ನಿಂತು ಹೋಯಿತು. ಆಮೇಲೆ ಸುಮಾರು 20 ಸೆಕೆಂಡ್ ತೆರೆ ಖಾಲಿ. ಮತ್ತೆ 0x8014, ಈ ಸಲ ಎರಡೆರಡು ಸೆಕೆಂಡಿಗೆ ಬಿಡದೆ. ಪಕ್ಕದಲ್ಲಿ ಬಿಲ್ಲಿಂಗ್ ಪರದೆ ತಿರುಗುತ್ತಾ ನಿಂತಿತ್ತು. ಮತ್ತೂ ಅರ್ಧ ನಿಮಿಷಕ್ಕೆ ಅದು ಜೀವ ಹಿಡಿಯಿತು, ಆದರೆ ನಿಧಾನ. “ತೂಕ ಮಾಡುವಾಗ ಸ್ವಲ್ಪ ಸ್ಲೋ ಆಗ್ತದೆ ಸಾರ್, ಕರೆಂಟಿನ ಲೋಡು ಅಂತ ಕಾಣ್ತದೆ” ಎಂದರು ಕ್ಲಾರ್ಕ್ ಅಣ್ಣ. ಇದನ್ನು ಅವರು ಎಷ್ಟೋ ದಿನದಿಂದ ಗಮನಿಸಿದ್ದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ತೂಕದ ಮೆಷಿನ್‌ನ ಜೊತೆ ಇನ್ನೊಂದು ಅಡಾಪ್ಟರ್ ಇತ್ತು. ಅದರಿಂದ ಹೊರಟ ಕಪ್ಪು ಕೇಬಲ್ ಗೋಡೆ ಹತ್ತಿ ಮಾಡಿನ ಅಂಚಿಗೆ ಹೋಗುತ್ತಿತ್ತು. ಅಲ್ಲಿ ಒಂದು ಬಿಳಿ ಪೆಟ್ಟಿಗೆ, ಕಚೇರಿಯ ಕಡೆ ಮುಖ ಮಾಡಿಕೊಂಡು. ಹಳೆಯ ವೈರ್‌ಲೆಸ್ ರೇಡಿಯೋ. ಕಚೇರಿಯ ಟೆರೇಸಿನಲ್ಲಿ ಅದರ ಜೋಡಿ. ಆ ಜೋಡಿಯ ಕೇಬಲ್ ಕೆಳಗಿಳಿದು ರ‍್ಯಾಕ್‌ಗೆ ಬಂದು 2960ಯ 20ನೇ ಪೋರ್ಟಿನಲ್ಲಿ ಕುಳಿತಿತ್ತು. ಲೇಬಲ್ ಇಲ್ಲ, ವಿವರ ಬರೆದಿಲ್ಲ.

ಫೈಬರ್ ಬರುವ ಮೊದಲು ಡಿಪೋದ ನೆಟ್ ಬರುತ್ತಿದ್ದದ್ದು ಇದರಲ್ಲೇ. ಅಡಿಕೆ ಮರಗಳು ಎತ್ತರವಾಗಿ ಸೋಗೆ ಅಡ್ಡ ಬಂದ ಮೇಲೆ ಸಿಗ್ನಲ್ ಕುಗ್ಗಿತು. 5 ಗಿಗಾಹರ್ಟ್ಸ್‌ನ ಅಲೆಗೆ ಎಲೆಯೇ ಶತ್ರು, ಅದರಲ್ಲೂ ಒದ್ದೆ ಎಲೆ. ಅದಕ್ಕೆ ಫೈಬರ್ ಎಳೆದರು. ಫೈಬರ್ ಎಳೆದವರು ರೇಡಿಯೋ ಇಳಿಸಲಿಲ್ಲ, ಇಳಿಸಲು ಯಾರೂ ಹೇಳಿರಲಿಲ್ಲ. ಅದು ಹಾಳಾಗಿದೆ ಎಂದೇ ಎಲ್ಲರೂ ತಿಳಿದಿದ್ದರು.

ನಡೆಯುತ್ತಿದ್ದದ್ದು ಏನು

ಈಗ ಪೂರ್ತಿ ಸರಪಣಿ ಜೋಡಿಸಬಹುದು. ಕಚೇರಿಯ ರೇಡಿಯೋ ಯುಪಿಎಸ್‌ನಲ್ಲಿದೆ, ಯಾವಾಗಲೂ ಚಾಲೂ. ಡಿಪೋದ ರೇಡಿಯೋಗೆ ಕರೆಂಟ್ ಬರುವುದು ತೂಕದ ಮೆಷಿನ್‌ಗೆ ಬಂದಾಗ ಮಾತ್ರ. ಹಿಂದೊಮ್ಮೆ ಗುಡುಗಿಗೆ ತೂಕದ ಮೆಷಿನ್‌ನ ಅಡಾಪ್ಟರ್ ಸುಟ್ಟಿತ್ತಂತೆ. ಅಂದಿನಿಂದ ಬಿಡಿ ಸಾಮಾನು ತೂಗುವಾಗ ಮಾತ್ರ ಆ ಬಟನ್ ಹಾಕುವುದು, ಆಮೇಲೆ ತೆಗೆಯುವುದು. ಸಿಡಿಲಿನ ಪಾತ್ರ ಇಡೀ ಕತೆಯಲ್ಲಿ ಇಷ್ಟೇ.

ಬಟನ್ ಹಾಕಿದಾಗ ರೇಡಿಯೋ ಏಳುತ್ತದೆ, ಜೋಡಿಯನ್ನು ಹುಡುಕಿ ಕೈ ಹಿಡಿಯುತ್ತದೆ. ಈಗ ಕಚೇರಿಗೂ ಡಿಪೋಗೂ ಎರಡು ದಾರಿ. 20ನೇ ಪೋರ್ಟಿನ ಬಿಪಿಡಿಯು ಗಾಳಿಯಲ್ಲಿ ಡಿಪೋಗೆ ಬಂದು, ಸಣ್ಣ ಸ್ವಿಚ್ ದಾಟಿ, ಫೈಬರ್ ಹಿಡಿದು 11ನೇ ಪೋರ್ಟಿಗೆ ತಲುಪುತ್ತದೆ. 11ರಲ್ಲಿ ಗಾರ್ಡ್ ಇದೆ, ಅದು ಮುಚ್ಚುತ್ತದೆ. ಅದೇ ಕ್ಷಣದಲ್ಲಿ 11ರ ಬಿಪಿಡಿಯು ತಿರುಗಾ ಸುತ್ತಿ 20ಕ್ಕೆ ಬಂದಿರುತ್ತದೆ. 20ರಲ್ಲಿ ಗಾರ್ಡ್ ಇಲ್ಲ. ಅಲ್ಲಿ ಸ್ಪ್ಯಾನಿಂಗ್ ಟ್ರೀ ತನ್ನ ಕೆಲಸ ಮಾಡುತ್ತದೆ: ಒಂದೇ ಕಡೆಗೆ ಎರಡು ಪೋರ್ಟ್ ಇದ್ದರೆ ಸಣ್ಣ ಅಂಕಿಯದ್ದು ಇರಲಿ, ದೊಡ್ಡದು ತಡೆದು ನಿಲ್ಲಲಿ. ಹೀಗೆ 20 ತಡೆದು ನಿಂತಿತು, 11 ಮುಚ್ಚಿತು. ಎರಡೂ ಬಂದ್.

11 ಸತ್ತ ಕಾರಣ 20ಕ್ಕೆ ಮತ್ತೆ ಬಿಪಿಡಿಯು ಬರುವುದಿಲ್ಲ. ಹಳೆಯ ಸಂದೇಶವನ್ನು ಅದು 20 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ವೈರ್‌ಶಾರ್ಕ್‌ನಲ್ಲಿ ಕಂಡ ಖಾಲಿ ಹೊತ್ತು ಅದೇ. ಆಮೇಲೆ ಕೇಳುವ ಹಂತ 15 ಸೆಕೆಂಡ್, ಕಲಿಯುವ ಹಂತ 15 ಸೆಕೆಂಡ್. ಒಟ್ಟು 50 ಸೆಕೆಂಡಿಗೆ 20ನೇ ಪೋರ್ಟ್ ತೆರೆಯುತ್ತದೆ, ಡಿಪೋ ರೇಡಿಯೋದ ಮೂಲಕ ಕಚೇರಿ ಸೇರುತ್ತದೆ. ಸೋಗೆಗಳ ನಡುವೆ ತಡವರಿಸುತ್ತಾ. ‘ಸ್ವಲ್ಪ ಸ್ಲೋ’ ಎಂದದ್ದು ಇದಕ್ಕೆ.

ತೂಕ ಮುಗಿದು ಬಟನ್ ತೆಗೆದಾಗ ರೇಡಿಯೋ ಸಾಯುತ್ತದೆ. 11 ಮುಚ್ಚಿಯೇ ಇದೆ. ಆಗ ಡಿಪೋ ಪೂರ್ತಿ ಕತ್ತಲೆ, ಆಗ ಫೋನ್. ಅಟೆಂಡರ್ ರ‍್ಯಾಕ್ ಆಫ್ ಆನ್ ಮಾಡಿದರೆ 11 ತೆರೆಯುತ್ತದೆ. ತೂಕದ ಮೆಷಿನ್ ಚಾಲೂ ಇರುವಾಗಲೇ ಆಫ್ ಆನ್ ಮಾಡಿದರೆ 11 ಮತ್ತೆ ಮುಚ್ಚಿ, ರೇಡಿಯೋದಲ್ಲಿ ಅರ್ಧಂಬರ್ಧ ನೆಟ್ ಬರುತ್ತದೆ. ಗುಡುಗು ನಿಂತ ಮೇಲೆ ಕಿತ್ತ ಪ್ಲಗ್‌ಗಳನ್ನೆಲ್ಲ ಒಟ್ಟಿಗೆ ಹಾಕುವಾಗ ಈ ಬಟನ್ನೂ ಬೀಳುತ್ತಿತ್ತು. ಅದಕ್ಕೇ ಗುಡುಗಿದ ದಿನ ತೊಂದರೆ ಜಾಸ್ತಿ. ದೂರಿನಲ್ಲಿದ್ದ ಒಂದೊಂದು ಮಾತಿಗೂ ಹೀಗೆ ಉತ್ತರ ಸಿಕ್ಕಿತು.

ಖಾತ್ರಿಗೆ ಒಂದು ಪರೀಕ್ಷೆ ಮಾಡಿದೆವು. 11ನ್ನು ತೆರೆದು, ಕ್ಲಾರ್ಕ್ ಅಣ್ಣನಿಗೆ ಫೋನ್ ಮಾಡಿ ಬಟನ್ ಹಾಕಲು ಹೇಳಿದೆ. ಡಿಪೋ ಕಂಪ್ಯೂಟರ್‌ನ ಮ್ಯಾಕ್ ವಿಳಾಸ ಟೇಬಲ್‌ನಲ್ಲಿ 11ರಿಂದ ಮಾಯವಾಗಿ, ನಿಮಿಷದೊಳಗೆ 20ರಲ್ಲಿ ಕಾಣಿಸಿತು. ಸೆಕ್ರೆಟರಿಯವರು ಹಿಂದೆ ನಿಂತು ನೋಡುತ್ತಿದ್ದರು. “ಹಾಗಾದ್ರೆ ಆ ಕೊಟೇಶನ್?” ಎಂದರು. ಬೇಡ ಎಂದೆ.

ಗಾರ್ಡ್ ತಪ್ಪಾ?

ಈ ಕೆಲಸ ಗೊತ್ತಿರುವವರಿಗೆ ಒಂದು ಪ್ರಶ್ನೆ ಏಳುತ್ತದೆ. 11ರಲ್ಲಿ ಬಿಪಿಡಿಯು ಗಾರ್ಡ್ ಇಲ್ಲದಿದ್ದರೆ ಏನಾಗುತ್ತಿತ್ತು? ಸ್ಪ್ಯಾನಿಂಗ್ ಟ್ರೀ 20ನ್ನು ತಡೆದು ನಿಲ್ಲಿಸುತ್ತಿತ್ತು, 11ರ ಫೈಬರ್ ನಡೆಯುತ್ತಲೇ ಇರುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅಂದರೆ ತೊಂದರೆ ಕೊಟ್ಟದ್ದು ಕಾವಲುಗಾರನೇ ಅಲ್ಲವೇ?

ಒಂದು ಮಟ್ಟಿಗೆ ಹೌದು. ಆದರೆ ಅದು ಡಿಪೋದ ಸಣ್ಣ ಸ್ವಿಚ್ ಬಿಪಿಡಿಯು ದಾಟಿಸುತ್ತದೆ ಎಂಬ ಅದೃಷ್ಟದ ಮೇಲೆ ನಿಂತ ಮಾತು. ನಾಳೆ ಅದು ಸುಟ್ಟು, ಬಿಪಿಡಿಯು ನುಂಗುವ ಇನ್ನೊಂದನ್ನು ತಂದು ಇಟ್ಟರೆ? ಆಗ 2960ಗೆ ಲೂಪ್ (ಸುತ್ತುವ ದಾರಿ) ಇರುವುದೇ ತಿಳಿಯುವುದಿಲ್ಲ ಎಂಬ ಅಪಾಯ ಇದೆ. ಬ್ರಾಡ್‌ಕಾಸ್ಟ್ ಸುತ್ತತೊಡಗಿದರೆ ಡಿಪೋ ಜೊತೆ ಕಚೇರಿಯ ಕ್ಯಾಶ್ ಕೌಂಟರ್ ಕೂಡ ನಿಲ್ಲುತ್ತದೆ. ಡಿಪೋ ಎಂಬುದು ಕೊನೆಯ ಕೊಂಬೆ. ಅಲ್ಲಿಂದ ಕಚೇರಿಗೆ ಇನ್ನೊಂದು ದಾರಿ ಇದ್ದರೆ ಅದು ಯಾರೋ ಮರೆತದ್ದೇ ಆಗಿರುತ್ತದೆ. ಹಾಗಾಗಿ 11ರಲ್ಲಿ ಗಾರ್ಡ್ ಇರಲಿ ಎಂಬುದು ನನ್ನ ನಿಲುವು, ತೆಗೆಯಲಿಲ್ಲ.

ತಪ್ಪು ಇದ್ದದ್ದು 20ರಲ್ಲಿ. ಹಿಂದೆ ಯಾರೋ 1ರಿಂದ 16ರವರೆಗಿನ ಪೋರ್ಟುಗಳಿಗೆ ಒಟ್ಟಿಗೆ ಪೋರ್ಟ್‌ಫಾಸ್ಟ್ (ಕಾಯದೆ ಕೂಡಲೇ ತೆರೆಯುವ ವ್ಯವಸ್ಥೆ), ಗಾರ್ಡ್ ಹಾಕಿದ್ದರು. ರೇಡಿಯೋ ಆಗ ಬಳಕೆಯಲ್ಲಿದ್ದ ಕಾರಣ ಅದನ್ನು ಮುಟ್ಟಲು ಹೆದರಿರಬೇಕು. ಉಳಿದವುಗಳನ್ನು ಹಾಗೇ ಬಿಟ್ಟರು.

ಮಾಡಿದ್ದು, ಮಾಡದೆ ಬಿಟ್ಟದ್ದು

ಸರಿಪಡಿಸುವ ಕೆಲಸ ಪತ್ತೆಗಿಂತ ತುಂಬಾ ಚಿಕ್ಕದು. ಡಿಪೋದ ರೇಡಿಯೋ ಅಡಾಪ್ಟರ್ ಕಿತ್ತು, ಅದರ ಕೇಬಲನ್ನು ಸಣ್ಣ ಸ್ವಿಚ್‌ನಿಂದ ತೆಗೆದೆವು. 20ನೇ ಪೋರ್ಟಿಗೆ ‘ಶಟ್‌ಡೌನ್’. ಖಾಲಿ ಇರುವ ಉಳಿದ ಪೋರ್ಟುಗಳಿಗೂ ಅದೇ. ಪೋರ್ಟ್‌ಫಾಸ್ಟ್ ಇರುವಲ್ಲೆಲ್ಲ ಗಾರ್ಡ್ ತಾನಾಗಿ ಬರುವಂತೆ ಒಟ್ಟು ಸ್ವಿಚ್‌ಗೇ ಒಂದು ಆಜ್ಞೆ. ಪೋರ್ಟಿಗೊಂದು ವಿವರ ಬರೆದೆ, ಕೇಬಲ್‌ಗೆ ಲೇಬಲ್ ಅಂಟಿಸಿದೆ. ಎನ್‌ಟಿಪಿ ಹಾಕಿ 1993ರಿಂದ ಬಿಡುಗಡೆ ಕೊಟ್ಟೆ. ಲಾಗ್‌ನ ಮೆಮೊರಿ ಮೊದಲು 4096 ಬೈಟ್ ಇತ್ತು, ಅದನ್ನು ಹೆಚ್ಚಿಸಿದೆ. ಜೊತೆಗೆ ಲಾಗ್‌ನ ಒಂದು ಪ್ರತಿ ಬಿಲ್ಲಿನ ಸರ್ವರ್‌ಗೆ ಹೋಗಿ ಬೀಳುವ ಹಾಗೆ ಮಾಡಿದೆ. ಇನ್ನು ರ‍್ಯಾಕ್ ಆಫ್ ಮಾಡಿದರೂ ಗುರುತು ಅಳಿಯುವುದಿಲ್ಲ.

ಸ್ವಲ್ಪ ಜಗ್ಗಾಟ ನಡೆದದ್ದು ಆಟೋ ರಿಕವರಿ ವಿಷಯದಲ್ಲಿ. ಮುಚ್ಚಿದ ಪೋರ್ಟನ್ನು ಸ್ವಿಚ್ ತಾನೇ ಮತ್ತೆ ತೆರೆಯುವಂತೆ ಮಾಡಬಹುದು. ಕಾರಣ ಹಿಡಿದು ‘ಎರ್‌ಡಿಸೇಬಲ್ ರಿಕವರಿ ಕಾಸ್’ ಎಂದು ಕೊಟ್ಟರೆ ಆಯಿತು. ಬೇರೆ ಹೇಳದಿದ್ದರೆ 300 ಸೆಕೆಂಡಿಗೊಮ್ಮೆ ತೆರೆದು ನೋಡುತ್ತದೆ. ಮೊದಲಿಗೆ ಇದು ಯಾವ ಕಾರಣಕ್ಕೂ ಚಾಲೂ ಇರುವುದಿಲ್ಲ, ನಾವೇ ಹಾಕಬೇಕು. ಸೆಕ್ರೆಟರಿಯವರಿಗೆ ಇದು ಬಹಳ ಹಿಡಿಸಿತು. “ಇದನ್ನು ಮೊದಲೇ ಹಾಕಿದ್ದರೆ ಇಷ್ಟೆಲ್ಲ ರಗಳೆಯೇ ಇರ್ತಿರಲಿಲ್ಲ ಅಲ್ವಾ?”

ಹಾಕಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ ತೋರಿಸಿದೆ. ತೂಕದ ಮೆಷಿನ್ ಚಾಲೂ ಇರುವಷ್ಟು ಹೊತ್ತು ಐದೈದು ನಿಮಿಷಕ್ಕೆ 11 ತೆರೆಯುತ್ತದೆ, ಬಿಪಿಡಿಯು ಬಂದು ಮತ್ತೆ ಮುಚ್ಚುತ್ತದೆ. ಪ್ರತಿ ಸಲ 20ನೇ ಪೋರ್ಟ್ 50 ಸೆಕೆಂಡ್ ನಿಂತು ಏಳುತ್ತದೆ. ಡಿಪೋದಲ್ಲಿ ಬಿಲ್ ನಡುನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಬಟನ್ ತೆಗೆದ ಮೇಲೆ ಐದು ನಿಮಿಷದೊಳಗೆ ಎಲ್ಲ ಸರಿ. ನಾನು ಬರುವ ಹೊತ್ತಿಗೆ ಯಾವ ಪೋರ್ಟೂ ಮುಚ್ಚಿರುವುದಿಲ್ಲ. ದೂರು ‘ಒಮ್ಮೊಮ್ಮೆ ಸ್ಲೋ’ ಎಂದಾಗುತ್ತದೆ. ಅಂಥ ದೂರನ್ನು ಯಾರು ಬೆನ್ನು ಹತ್ತುತ್ತಾರೆ? ಕೊನೆಗೆ ಆ ಕೊಟೇಶನ್‌ಗೇ ಸಹಿ ಬೀಳುತ್ತಿತ್ತು.

ಮನುಷ್ಯರು ಹೋಗಲಾಗದ ಜಾಗದ ಸ್ವಿಚ್ ಆದರೆ ಮಾತು ಬೇರೆ. ಅಲ್ಲಿ ಆಟೋ ರಿಕವರಿ ಇಲ್ಲದಿದ್ದರೆ ಕೆಲಸ ನಡೆಯುವುದಿಲ್ಲ. ಇಲ್ಲಿ ರ‍್ಯಾಕ್ ಇರುವುದು ಸೆಕ್ರೆಟರಿಯವರ ಕೋಣೆಯ ಪಕ್ಕದಲ್ಲಿ. ಕೊನೆಗೆ ಒಪ್ಪಂದ ಹೀಗಾಯಿತು: ಲಿಂಕ್ ಫ್ಲ್ಯಾಪ್‌ಗೆ ಆಟೋ ರಿಕವರಿ ಹಾಕುವುದು. ತುಲಾ ಮಳೆಯ ಕಾಲದಲ್ಲಿ ಕರೆಂಟ್ ಹೋಗಿ ಬರುವಾಗ ಅದು ನಿಜವಾಗಿ ಬೇಕಾಗಬಹುದು. ಬಿಪಿಡಿಯು ಗಾರ್ಡ್‌ಗೆ ಹಾಕುವುದಿಲ್ಲ. ಅದರಿಂದ ಮುಚ್ಚಿದರೆ ಮೊದಲು ಲಾಗ್‌ನ ಫೋಟೋ, ಆಮೇಲೆ ತೆರೆಯುವುದು.

ಹೊರಡುವ ಮೊದಲು ಕ್ಲಾರ್ಕ್ ಅಣ್ಣ ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ಚೆನ್ನಾಗಿತ್ತು. “ನಾಳೆ ರಸ್ತೆ ಅಗಲ ಮಾಡುವಾಗ ಜೆಸಿಬಿಯವ ಫೈಬರ್ ಕಿತ್ತ ಅಂತ ಇಟ್ಟುಕೊಳ್ಳಿ. ಆಗ ಈ ರೇಡಿಯೋ ಉಪಯೋಗಕ್ಕೆ ಬರ್ತದಾ?”

ಬರುತ್ತದೆ. ಎರಡೂ ದಾರಿ ಒಟ್ಟಿಗೆ ಇಡಬೇಕಾದರೆ ಡಿಪೋದಲ್ಲೂ ಸ್ಪ್ಯಾನಿಂಗ್ ಟ್ರೀ ಗೊತ್ತಿರುವ ಸ್ವಿಚ್ ಬೇಕು. 11, 20 ಎರಡೂ ಪೋರ್ಟುಗಳಿಂದ ಗಾರ್ಡ್ ತೆಗೆದು, ಫೈಬರ್ ಮುಖ್ಯ, ರೇಡಿಯೋ ಮೀಸಲು ಎಂದು ನಿಗದಿ ಮಾಡಬೇಕು. ಅದಕ್ಕೆ ಖರ್ಚು ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇರುವ ಡಿಪೋಗೆ ಅಷ್ಟು ಬೇಡ ಎಂದು ಎಲ್ಲರೂ ಒಪ್ಪಿದರು. ಹಾಗಾಗಿ ರೇಡಿಯೋ ಎರಡೂ ಕಡೆ ಅಲ್ಲೇ ಇದೆ, ಕೇಬಲ್ ಕಿತ್ತು. ಫೈಬರ್ ಕಡಿದರೆ ಕನ್ವರ್ಟರ್‌ನ ಕೇಬಲ್ ತೆಗೆದು, ಅದೇ ಜಾಗಕ್ಕೆ ರೇಡಿಯೋ ಕೇಬಲ್ ಹಾಕುವುದು. ಒಂದನ್ನು ತೆಗೆಯದೆ ಇನ್ನೊಂದನ್ನು ಹಾಕಬಾರದು ಎಂದು ಕ್ಲಾರ್ಕ್ ಅಣ್ಣನೇ ದಪ್ಪ ಅಕ್ಷರದಲ್ಲಿ ಬರೆದು ಎಕ್ಸ್‌ಟೆನ್ಶನ್ ಬಾಕ್ಸ್‌ನ ಮೇಲೆ ಅಂಟಿಸಿದರು. ಕನ್ನಡದಲ್ಲೊಂದು, ಮಲಯಾಳದಲ್ಲೊಂದು. ರಜೆಯಲ್ಲಿ ಬದಲಿಗೆ ಬರುವವರು ಕಾಞಂಗಾಡಿನವರಂತೆ.

ತೋಟದವರ ಹತ್ತಿರ ಮಾತಾಡಿ ಅಡ್ಡ ಬಂದ ಒಂದೆರಡು ಸೋಗೆ ತೆಗೆಸಿದರೆ ರೇಡಿಯೋ ಸಿಗ್ನಲ್ ಸುಧಾರಿಸಬಹುದು. ಆ ಕೆಲಸವನ್ನು ಸೆಕ್ರೆಟರಿಯವರು ತಾನೇ ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಹಿಂದೆ ತೆಗೆದಿಟ್ಟ ಹಳೆಯ ಮೀಡಿಯಾ ಕನ್ವರ್ಟರ್ ಜೋಡಿಯನ್ನೂ ಪರೀಕ್ಷೆ ಮಾಡಿದೆ. ಎರಡೂ ಸರಿ ಇವೆ. ಸ್ಪೇರ್ ಎಂದು ಚೀಟಿ ಬರೆದು ರ‍್ಯಾಕ್‌ನ ಕೆಳಗಿನ ತಟ್ಟೆಯಲ್ಲಿ ಇಟ್ಟು ಬಂದಿದ್ದೇನೆ.